ಬಟಾಣಿ ತೊಳೆದ ನೀರು

ಮಾನ್ಯ ಆಹಾರ ಮಾಹಿತಿ ಅಧಿಕಾರಿಗಳೇ,

ಸಂಜೆ ಆರೂವರೆ. ಇವತ್ತು ಬೆಳಿಗ್ಗೆ ಅರ್ಧ ಕೆಜಿ ಬಿಡಿಸಿದ ಬಟಾಣಿಯನ್ನು ನಾಲ್ಕು ಸಲ ತೊಳೆದೆ. ನಾಲ್ಕನೆಯ ನೀರೂ ಹಸಿರು. ಕೈ ಒರೆಸಿದ ಬಿಳಿ ಟವೆಲ್ಲಿನ ಕಲೆ ಸೋಪಿಗೂ ಹೋಗಲಿಲ್ಲ. ಆ ನೀರನ್ನು ಬಾಟಲಿಗೆ ತುಂಬಿಕೊಂಡು ಸಾರಕ್ಕಿಯಲ್ಲಿ ಬಸ್ಸು ಹಿಡಿದು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ತಲೆ ಎತ್ತದೆ, "ಇನ್ನೊಂದ್ಸಲ ತೊಳೀರಿ ಸಾರ್, ಹೋಗುತ್ತೆ" ಎಂದರು. ಪಕ್ಕದಲ್ಲಿ ನಿಮ್ಮ 'ಬಣ್ಣವೇ ಬಲ' ಪುಸ್ತಿಕೆಯ ಹೊಸ ಕಟ್ಟುಗಳಿದ್ದವು. ನಾಳೆ ನಮ್ಮ ಬಡಾವಣೆಯ ಶಾಲೆಯಲ್ಲಿ ತಾಯಂದಿರಿಗೆ ಹಂಚುವುದಕ್ಕಂತೆ. ನನಗೆ ಹೇಸಿಗೆಯಾಯಿತು.

ಪುಸ್ತಿಕೆ ಸುಳ್ಳು ಹೇಳುವುದಿಲ್ಲ. ಗಿಡ ತನ್ನ ರಕ್ಷಣೆಗೆ ಮಾಡಿಕೊಂಡ ಸತ್ವಗಳು ಹಣ್ಣು ತರಕಾರಿಯ ಬಣ್ಣದಲ್ಲಿವೆ, ಅವು ನಮಗೂ ಒಳ್ಳೆಯವು ಎಂಬುದನ್ನು ಈಗಲೂ ನಂಬುತ್ತೇನೆ. ಆದರೆ ಮೂರನೆಯ ಪುಟದಲ್ಲಿ, 'ಕಡುಬಣ್ಣದ್ದನ್ನೇ ಆರಿಸಿ, ಪೇಲವವಾದದ್ದನ್ನು ಬಿಡಿ' ಎಂದು ದಪ್ಪಕ್ಷರದಲ್ಲಿ ಬರೆದ ಪಂಡಿತರು ಎಂದಾದರೂ ಕೈಚೀಲ ಹಿಡಿದು ತರಕಾರಿ ತಂದವರೇ?

ನಾನು ಏಳನೇ ತರಗತಿಯವರೆಗೆ ಓದಿದವನು. ಕಳೆದ ವರ್ಷ ನನ್ನ ಹೆಂಡತಿ ಸೀತಾಲಕ್ಷ್ಮಿ ಹಾಸಿಗೆ ಹಿಡಿದಾಗ, ಸರ್ಕಾರದ ಮುದ್ರೆಯಿದ್ದ ಆ ಪುಸ್ತಿಕೆಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಏಳು ತಿಂಗಳು ಬಣ್ಣ ನೋಡಿಯೇ ತಂದೆ. ಬಟಾಣಿ ತೊಳೆದ ನೀರು ಆಗಲೂ ಹಸಿರಾಗುತ್ತಿತ್ತು. ಸತ್ವ ಇಳಿಯುತ್ತಿದೆ ಎಂದುಕೊಂಡು, ಆ ನೀರನ್ನು ಚೆಲ್ಲದೆ ಅವಳ ಸಾರಿಗೆ ಸುರಿದೆ.

ಅವಳು ಕೇಳಿದ್ದು ಒಂದೇ.

"ರೀ, ಒಂದಿನ ಪಡವಲಕಾಯಿ ಪಲ್ಯ ಮಾಡ್ರೀ. ಬಾಯಿ ಕೆಟ್ಟೋಗಿದೆ."

"ಅದು ಬೆಳ್ಳಗಿರುತ್ತೆ ಕಣೇ. ಅದ್ರಲ್ಲಿ ಏನೂ ಇಲ್ವಂತೆ."

"ಹಾಗಾದ್ರೆ ಆ ಪುಸ್ತಕಕ್ಕೇ ಒಗ್ಗರಣೆ ಹಾಕಿಕೊಡಿ. ಅದರ ರಟ್ಟು ಕೆಂಪಗಿದೆ."

ನಾನು ಪಲ್ಯ ಮಾಡಲಿಲ್ಲ. ಮಾರ್ಚ್ ಹದಿನಾಲ್ಕಕ್ಕೆ ಅವಳು ಹೋದಳು. ಬಣ್ಣದ ನೀರಿನಿಂದ ಹೋದಳೆಂದು ನಾನು ಹೇಳುತ್ತಿಲ್ಲ, ಡಾಕ್ಟರೂ ಹೇಳಲಿಲ್ಲ. "ಪಡವಲ, ಮೂಲಂಗಿ, ಬೆಳ್ಳುಳ್ಳಿ, ಎಲ್ಲದ್ರಲ್ಲೂ ಅದರದರ ಸತ್ವ ಇದೆ ಅಂಕಲ್. ಕೊಡಬಹುದಿತ್ತು" ಎಂದರು, ಅಷ್ಟೇ.

ಬಸ್ಸು ಹಿಡಿಯುವ ಮುಂಚೆ, ನಮ್ಮ ಬೀದಿಗೆ ತಳ್ಳುಗಾಡಿ ತರುವ ಮುನಿಯಕ್ಕನಿಗೆ ಬಾಟಲಿ ತೋರಿಸಿದೆ. ಅವಳು ಮುಚ್ಚಿಡಲಿಲ್ಲ.

"ಒಣಬಟಾಣಿ ನೆನೆಸಿ ಬಣ್ಣ ಹಾಕಿರ್ತಾರೆ ಸಾರ್. ನಂಗೆ ಬರೋದೇ ಹಂಗೆ. ಬೆಳ್ಳಗಿರೋದು ಇಟ್ಟಿದ್ರೆ ನೀವು ತಗೋತಿದ್ರಾ? ಪುಸ್ತಕ ಹಿಡ್ಕೊಂಡ್ ಬಂದು ಗಾಡಿಯೆಲ್ಲಾ ಕೆದಕ್ತಿದ್ದೋರು ನೀವೇ ಅಲ್ವಾ?"

ಹೌದು, ಕೆದಕಿದವನು ನಾನೇ. ಕೆದಕಿಸಿದವರು ಯಾರು? ಬಣ್ಣ ಕೇಳುವುದನ್ನು ನೀವು ಜನರಿಗೆ ಕಲಿಸಿದಿರಿ. ಕಲಿತವರಿಗೆ ಮಾರುವವರು ಬಣ್ಣವನ್ನೇ ಮಾರಿದರು. ಪರೀಕ್ಷಿಸಬೇಕಾದ ನೀವು ಇನ್ನೊಂದು ಸಲ ತೊಳೆಯಿರಿ ಎಂದಿರಿ. ಎಷ್ಟು ಅಚ್ಚುಕಟ್ಟಾದ ಆಡಳಿತ.

ನಾನು ಪರಿಹಾರ ಕೇಳುತ್ತಿಲ್ಲ. ಮೂರನೆಯ ಪುಟದ ಆ ಸಾಲನ್ನು ತೆಗೆಯಿರಿ. ಬಿಳಿ ತರಕಾರಿಯನ್ನೂ ತಿನ್ನಿ, ತೊಳೆದಾಗ ಬಣ್ಣ ಬಿಡುವ ಬಟಾಣಿಯನ್ನು ಮುಟ್ಟಬೇಡಿ ಎಂದು ಬರೆಯಿರಿ. ಬಾಟಲಿಯನ್ನು ಗುಮಾಸ್ತರ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ, ಪರೀಕ್ಷೆಗೆ ಕಳಿಸಿ. ಅಲ್ಲಿಯವರೆಗೆ ಒಂದು ಪುಸ್ತಿಕೆಯನ್ನೂ ಹಂಚಬೇಡಿ. ಹಂಚಿದರೆ, ಈ ಪತ್ರದ ಪ್ರತಿಗಳನ್ನು ಶಾಲೆಯ ಗೇಟಿನಲ್ಲಿ ನಿಂತು ನಾನೂ ಹಂಚುತ್ತೇನೆ.

ಇದನ್ನು ಎರಡು ಸಲ ಬರೆದಿದ್ದೇನೆ, ಒಂದನ್ನು ಇವತ್ತು ರಾತ್ರಿಯೇ ನಿಮ್ಮ ಕಚೇರಿಯ ಕಾವಲುಗಾರನ ಕೈಗೆ ಕೊಡುತ್ತೇನೆ. ನಾಳೆ ಜೆರಾಕ್ಸ್ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ. ಶಾಲೆಯಲ್ಲಿ ನಿಮ್ಮ ಕಾರ್ಯಕ್ರಮ ಹತ್ತಕ್ಕೆ.

ಇಂತಿ,
ನಿಮ್ಮ ಮಾತನ್ನು ತಪ್ಪದೆ ಪಾಲಿಸಿದ
ರಾಮಪ್ರಸಾದ
ಜೆ.ಪಿ. ನಗರ