ಕೊಡೆ ರಿಪೇರಿಯವರ ಚಿತ್ರ

ಅಕ್ಕಾ,

ನೀನು ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ಒಬ್ಬಳೇ ಊರು ಸುತ್ತಲು ಹೊರಟೆ. ಊರಿನ ಬಗ್ಗೆ ನಾನು ಬರೆದು ನೀನು ಚಿತ್ರ ಹಾಕುತ್ತಿದ್ದ ನಮ್ಮ ಪುಸ್ತಕ ಅರ್ಧಕ್ಕೇ ನಿಂತಿದೆ. ಚಿತ್ರಗಳಿಲ್ಲದಿದ್ದರೂ ಪರವಾಗಿಲ್ಲ, ಬರಹವನ್ನಾದರೂ ಮುಗಿಸಿ ಎಂದು ಪ್ರಕಾಶಕರು ಬೆನ್ನುಬಿದ್ದಿದ್ದಾರೆ. ಮನೆಯಲ್ಲಿ ಕೂತರೆ ಒಂದು ಸಾಲೂ ಹುಟ್ಟುವುದಿಲ್ಲ.

ಜೊತೆಗೆ ಬಂದಾಗೆಲ್ಲ ನೀನು ತುಕ್ಕು ಹಿಡಿದ ಚಿಲಕ ಕಂಡರೂ ನಿಂತು ಚಿತ್ರ ಬರೆಯುತ್ತಿದ್ದೆ. ಬೇಗ ಬಾ ಎಂದು ನಾನು ರೇಗುತ್ತಿದ್ದೆ. ಇವತ್ತು ಯಾರೂ ನಿಲ್ಲಿಸಲಿಲ್ಲ, ಊರು ಬೇಗ ಮುಗಿದುಹೋಯಿತು.

ಪೇಟೆಯ ಹಿಂದಿನ ಬೀದಿಯಲ್ಲಿ ಕೊಡೆ ರಿಪೇರಿ ಮಾಡುವ ಅಜ್ಜ ನನ್ನನ್ನು ಕಂಡವರೇ ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು.

"ಅಕ್ಕ ಎಲ್ಲಮ್ಮಾ? 'ಅಜ್ಜಾ, ಮುಂದಿನ ಸಲ ನಿಮ್ಮ ಚಿತ್ರ ಬರೀತೀನಿ' ಅಂದಿದ್ರು. ಮನೇಲೆಲ್ಲ ಹೇಳ್ಕೊಂಡಿದೀನಿ."

ನಿಜ ಹೇಳಲೆಂದೇ ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಹಿಂದೆ ಬರ್ತಿದಾಳೆ. ಅವಳು ನಡೆಯೋದು ನಿಧಾನ."

"ಗೊತ್ತಲ್ಲ, ಕಂಡಿದ್ದನ್ನೆಲ್ಲ ನೋಡ್ಕೊಂಡು ಬರ್ತಾರೆ" ಎಂದು ನಕ್ಕರು. ಮೊಳೆಗೆ ನೇತುಹಾಕಿದ್ದ ಒಗೆದ ಅಂಗಿ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿ, ತಲೆ ಬಾಚಿಕೊಂಡರು. ನನಗೊಂದು ಸ್ಟೂಲು ಎಳೆದುಕೊಟ್ಟು, ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತರು.

"ಹೀಗೆ ಕೂತ್ರೆ ಸಾಕಾ?"

"ಸಾಕು" ಎಂದೆ.

ಅಜ್ಜ ಬೀದಿಯ ತುದಿಯನ್ನೇ ನೋಡುತ್ತಿದ್ದರು. ಆಗಲಾದರೂ ಹೇಳಬೇಕಿತ್ತು. ಹೇಳದೆ, ಅವರ ಪಕ್ಕದಲ್ಲಿ ಕೂತು ನಾನೂ ಅತ್ತಲೇ ನೋಡಿದೆ, ಬಿಸಿಲು ಇಳಿಯುವವರೆಗೂ. ಅಷ್ಟು ಹೊತ್ತು ನೀನು ಇನ್ನೂ ಬರುವವಳಾಗಿದ್ದೆ.