ಕ್ಯಾಬಿನ್ನಿನಲ್ಲಿ ಕೂತವರು

ಬಾಕಾವುಹೆನಿ ಬಂದರು, ಗುರುವಾರ

ಮಾಲೀಕರಾದ ಜಮಾರಿಸ್ ಅವರಿಗೆ ಸಲಾಮು.

ನಮಗಿಂತ ಮೊದಲು ಹಡಗು ಹತ್ತಿದ ಲಾರಿಯ ಡ್ರೈವರ್ ಕೈಲಿ ಈ ಕಾಗದ ಕಳಿಸಿದ್ದೇನೆ. ಕ್ಯಾಬಿನ್ನಿನಲ್ಲಿ ಹೆಂಗಸರು, ಮಕ್ಕಳು ಕಂಡರೆ ಕೆಲಸದಿಂದ ತೆಗೆಯುತ್ತೇನೆ ಅಂದಿದ್ದಿರಿ. ಅದಕ್ಕೇ ಮಗಳು ಯೆಲ್ನಿ ಎಷ್ಟು ಅತ್ತರೂ ನಮ್ಮೂರು ಪಾದಾಂಗಿನಲ್ಲೇ ಬಿಟ್ಟು ಹೊರಟೆ. ನಮ್ಮ ಬೀದಿ ತುದಿಯಲ್ಲೇ ನಿಮ್ಮ ಅಮ್ಮ ರೆಂಡಾಂಗ್ ಮಾಂಸದ ಡಬ್ಬಿ ಹಿಡಿದು ಲಾರಿಗೆ ಅಡ್ಡ ನಿಂತಿದ್ದರು; ಪಕ್ಕದಲ್ಲಿ ಯೆಲ್ನಿ. ನಿಮ್ಮ ನಿಯಮ ಹೇಳಿದೆ. "ನಿಯಮ ಮಾಡಿದವನನ್ನ ಹೆತ್ತೋಳು ನಾನು, ಬಾಗಿಲು ತೆಗಿಯೋ" ಅಂದರು.

ಆಗಿನಿಂದ ಹಾರ್ನ್ ಅವರಿಬ್ಬರದೇ. ನೀವೂ ಚಿಕ್ಕವರಿದ್ದಾಗ ಅಪ್ಪನ ಲಾರಿಯಿಂದ ಇಳಿಯಲ್ಲ ಅಂತ ಸ್ಟೇರಿಂಗ್ ತಬ್ಬಿಕೊಂಡು ಅಳುತ್ತಿದ್ದಿರಂತೆ. ದಾರಿಯುದ್ದಕ್ಕೂ ಅದೇ ಕಥೆ, ಅದೇ ನಗು.

ಇವರನ್ನು ಇಳಿಸಲೇಬೇಕು ಅಂದರೆ ನಾವು ಹಡಗಿನಿಂದ ಇಳಿಯುವ ಆಚೆ ದಡಕ್ಕೆ ನೀವೇ ಬನ್ನಿ. ನನಗೆ ಅಷ್ಟು ಧೈರ್ಯವಿಲ್ಲ.

ಈಗಲೂ ನಿಮ್ಮ ಡ್ರೈವರೇ ಅಂದುಕೊಂಡಿರುವ,
ಶಾಫ್ರಿಲ್