ಕೆಳಗೆ ಇಳಿದದ್ದು ಯಾರಿಗಾಗಿ

3 ನವೆಂಬರ್, ಸೋಮವಾರ. ಬೆಳಿಗ್ಗೆ

ಪ್ರಾರ್ಥನೆ ಆಯಿತು. ನೀರು ಹಿಡಿದಾಯಿತು. ಹಾಲಿಗೆ ಕೆಳಗೆ ಹೋದರೆ ಗೇಟಿನಲ್ಲಿ ಹೊಸ ವಾಚ್‌ಮನ್. "ಆಪ್ ಕೌನ್?" ಅಂದ. ನನ್ನನ್ನು! ಈ ಬಿಲ್ಡಿಂಗಿನ ಸುಣ್ಣ ಒಣಗುವ ಮೊದಲೇ ಬಂದವಳು ನಾನು. ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ಎಸ್ತೇರ್ ಸುಮಿತ್ರಾ ಕರ್ಕಡ. ಚೆಂಬೂರು. ಉಡುಪಿ ಕಡೆಯ ಮಿಷನ್ ಮನೆತನ, ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್. ಕನ್ನಡ ಸಭೆಯ, ಅಂದರೆ ನಮ್ಮ ಚರ್ಚಿನ, ಸ್ತ್ರೀ ಸಂಘದ ಅಧ್ಯಕ್ಷೆ. ಗಂಡ ತೀರಿಕೊಂಡ ಮೇಲೂ ಯಾರ ಮುಂದೆಯೂ ಕೈಚಾಚಿದವಳಲ್ಲ. ಚರ್ಚ್ ಕಮಿಟಿಯಲ್ಲಿ ನಾನು ಎದ್ದು ನಿಂತರೆ ಗಂಡಸರು ಮಾತು ನಿಲ್ಲಿಸುತ್ತಾರೆ.

ನಿನ್ನೆ ಆರಾಧನೆ ಮುಗಿಸಿ ಆಸ್ಪತ್ರೆಗೆ ಹೋದೆ. ಮಗಳು ವಿನೋದಿನಿಯ ಮಾವ, ಮೋನಪ್ಪ. ಹಾರ್ಟ್. ಫೋರ್ಟಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಆಯುಷ್ಯ ಕಳೆದ ಮನುಷ್ಯ. ಹಿಂದೂ. ಮೂಗಿಗೆ ನಳಿಗೆ ಹಾಕಿದ್ದಾರೆ, ಆದರೂ ತಮಾಷೆ ಬಿಟ್ಟಿಲ್ಲ.

"ಸುಮಿತ್ರಕ್ಕಾ, ನಿಮ್ಮ ಸ್ವರ್ಗದಲ್ಲಿ ನನಗೊಂದು ಕ್ಯಾಂಟೀನ್ ಹಾಕ್ಲಿಕ್ಕೆ ಬಿಡ್ತಾರಾ?"

"ಅಲ್ಲಿ ಹಸಿವು ಇಲ್ಲ ಮೋನಪ್ಪಣ್ಣ."

"ಹಸಿವೇ ಇಲ್ವಾ? ಹಾಗಾದ್ರೆ ನನಗೆ ಬೇಡ ಮಾರಾಯ್ರೆ."

ನಗಬಾರದಿತ್ತು. ನಕ್ಕೆ.

5 ನವೆಂಬರ್, ಬುಧವಾರ

ಮೋನಪ್ಪ ನಿನ್ನೆ ಬೆಳಿಗ್ಗೆ ಹೋದರು. ಸಂಜೆಗೆ ಸ್ಮಶಾನ. ಅಳಿಯ ಹಿತೇಶ್ ಒಬ್ಬನೇ ಮಗ, ಅವನೇ ಬೆಂಕಿ ಕೊಟ್ಟ. ನಾನು ಗೇಟಿನ ಹೊರಗೆ ನಿಂತೆ. ಒಳಗೆ ನನಗೇನು ಕೆಲಸ?

ಮೊಮ್ಮಗಳು ಯಕ್ಷಿತಾ ನನ್ನ ಹತ್ತಿರ ಇದ್ದಾಳೆ. ಏಳು ವರ್ಷ. ಆಂಟಾಪ್ ಹಿಲ್‌ನ ಅವರ ಮನೆ ತುಂಬ ಊರಿನ ನೆಂಟರು. ಶನಿವಾರ ಅಜ್ಜನ ಜೊತೆ ಭಜನೆ, ಭಾನುವಾರ ನನ್ನ ಜೊತೆ ಸಂಡೇ ಸ್ಕೂಲ್ — ಅವಳು ಹುಟ್ಟಿದಾಗ ಎರಡು ಮನೆಗೂ ಆದ ಒಪ್ಪಂದ. ಸ್ಮಶಾನಕ್ಕೆ ಕರೆದೊಯ್ಯಲಿಲ್ಲ ಮಗುವನ್ನು. ಆದರೆ ಯಾರೋ ಪುಣ್ಯಾತ್ಮ ಊರಿನವರಿಗೆ ಕಾಣಲೆಂದು ವಿಡಿಯೋ ಕಾಲ್ ಹಿಡಿದಿದ್ದಾನೆ. ಇವಳು ಯಾರದೋ ಮೊಬೈಲಿನಲ್ಲಿ ಎಲ್ಲ ನೋಡಿದ್ದಾಳೆ.

6 ನವೆಂಬರ್, ಗುರುವಾರ. ಮಧ್ಯಾಹ್ನ

ಮೀನು ಹುರಿಯುತ್ತಿದ್ದೆ. ಹಿಂದೆ ಬಂದು ನಿಂತಳು.

"ಅಜ್ಜೀ, ಅಜ್ಜ ಯೇಸುವಿನವರಾ?"

"ಅಲ್ಲ."

ಅಷ್ಟೇ. ಕೇಳಿದ್ದಕ್ಕೆ ಉತ್ತರ. ಸುಳ್ಳು ಹೇಳುವ ಅಭ್ಯಾಸ ಈ ಮನೆಯಲ್ಲಿ ಇಲ್ಲ. ಅವಳು ಗ್ಯಾಸಿನ ಉರಿಯನ್ನೇ ನೋಡುತ್ತ ಹಿಂದೆ ಹಿಂದೆ ಸರಿದಳು. ಬೆನ್ನು ಗೋಡೆಗೆ ತಾಗಿತು. ಊಟ ಮಾಡಲಿಲ್ಲ.

7 ನವೆಂಬರ್, ಶುಕ್ರವಾರ. ಸಂಜೆ

ಹಿತೇಶ್ ಮಗಳನ್ನು ಕರೆದೊಯ್ಯಲು ಬಂದ. ಬೋಳಿಸಿದ ತಲೆ, ಕೆಂಪು ಕಣ್ಣು. ಯಕ್ಷಿತಾ ಮಂಚದ ಕೆಳಗೆ ಸೇರಿಕೊಂಡಳು. ಅವನು ಬಗ್ಗಿ ಕೈ ಚಾಚಿದ. ಕಿರುಚಿದಳು.

"ಪಪ್ಪಾ ನಹೀಂ! ಪಪ್ಪಾನೇ ಅಜ್ಜನನ್ನು ನರಕ್ ಮೇಂ ಡಾಲಾ! ಮೈನೇ ದೇಖಾ!"

ಆಗ ತಿಳಿಯಿತು. ಚಿತೆಯ ಬೆಂಕಿ, ನರಕದ ಬೆಂಕಿ — ಮಗುವಿಗೆ ಎರಡೂ ಒಂದೇ. ಯೇಸುವನ್ನು ನಂಬದವರು ಬೆಂಕಿಗೆ ಹೋಗುತ್ತಾರೆ ಅಂತ ಸಂಡೇ ಸ್ಕೂಲಿನಲ್ಲಿ ಕಲಿತಿದ್ದಾಳೆ. ಅಜ್ಜ ಯೇಸುವಿನವರಲ್ಲ ಅಂತ ನಾನು ಹೇಳಿದ್ದೇನೆ. ಬೆಂಕಿಗೆ ಹಾಕಿದ್ದು ಅಪ್ಪ — ಕಣ್ಣಾರೆ ಕಂಡಿದ್ದಾಳೆ.

ಹಿತೇಶ್ ನೆಲದ ಮೇಲೆ ಹಾಗೇ ಕೂತುಬಿಟ್ಟ. ಜೊತೆಗೆ ಬಂದಿದ್ದ ವಿನೋದಿನಿ ನನ್ನನ್ನು ಅಡುಗೆಮನೆಗೆ ಎಳೆದು ಬಾಗಿಲು ಹಾಕಿದಳು.

"ಎಂಥ ಹೇಳಿದ್ದಮ್ಮ ನೀನು ಅವಳಿಗೆ?"

"ನಿಜ ಹೇಳಿದೆ."

"ನಿಜ ಅಂತ ನಿನಗೆ ಹೇಗೆ ಗೊತ್ತು? ಹೋಗಿ ನೋಡಿ ಬಂದಿದ್ದೀಯಾ?"

ನನ್ನ ಮುಂದೆ ಹಾಗೆ ಯಾರೂ ಮಾತಾಡಿದ್ದಿಲ್ಲ. ಕೆನ್ನೆಗೊಂದು ಕೊಡಬೇಕಿತ್ತು. ಕೈ ಏಳಲಿಲ್ಲ.

ಗಂಡ ಹೆಂಡತಿ ಮಗಳಿಲ್ಲದೆ ವಾಪಸ್ ಹೋದರು.

9 ನವೆಂಬರ್, ಭಾನುವಾರ

ಸಂಡೇ ಸ್ಕೂಲಿಗೆ ಕಳಿಸಲಿಲ್ಲ. ಟೀಚರ್ ವಿಜೇತಾ ಕರೆಯಲು ಬಂದಳು. ಮಗುವಿಗೆ ಹೊಟ್ಟೆನೋವು ಅಂದೆ. ಸುಳ್ಳು. ಆರಾಧನೆಯಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ.

ನಮ್ಮ ನಂಬಿಕೆಯನ್ನು ಒಟ್ಟಾಗಿ ಹೇಳುವ ವಿಶ್ವಾಸ ಪ್ರಮಾಣಕ್ಕೆ ಎಲ್ಲರೂ ಎದ್ದೆವು. ಬಾಯಿಪಾಠ. ಯೇಸು ಸತ್ತದ್ದು, ಹೂಣಿಟ್ಟದ್ದು, ಪಾತಾಳಕ್ಕೆ ಇಳಿದದ್ದು... ಅಲ್ಲಿ ಸೆರಗು ಎಳೆದಳು.

"ಪಾತಾಳ ಮತ್‌ಲಬ್?"

"ಕೆಳಗೆ. ಸತ್ತವರು ಇರುವ ಜಾಗ. ಸುಮ್ಮನಿರು."

"ಯೇಸು ನೀಚೆ ಗಯಾ? ಕಿಸ್ಕೋ ಲೇನೆ?"

ಯಾರನ್ನು ಕರೆತರಲಿಕ್ಕೆ, ಅಂತ. ನಾಲ್ಕನೇ ಮಹಡಿಯಲ್ಲಿ ಬೆಳೆದ ಮಗು. ದೊಡ್ಡವರು ಕೆಳಗೆ ಹೋದರು ಅಂದರೆ ಯಾರನ್ನೋ ಮೇಲೆ ಕರೆತರಲಿಕ್ಕೆ — ಸ್ಕೂಲ್ ಬಸ್ಸಿನಿಂದ, ಟ್ಯಾಕ್ಸಿಯಿಂದ. ಬೇರೆ ಯಾಕೆ ಹೋಗುತ್ತಾರೆ?

ಮುಂದಿನ ಸಾಲುಗಳು ಬಾಯಿಗೆ ಬರಲಿಲ್ಲ. ಸಭೆ ಮುಂದೆ ಹೋಯಿತು. ನಾನು ಪಾತಾಳದಲ್ಲೇ ನಿಂತೆ.

12 ನವೆಂಬರ್, ಬುಧವಾರ. ಸಂಜೆ

ಬರೆಯಲು ಹೆದರಿಕೆ. ಬರೆದರೆ ಮೇಲಿರುವವನು ಓದುತ್ತಾನೆ. ಬರೆಯದಿದ್ದರೂ ಓದುತ್ತಾನೆ.

ಸುಹಾಸ ಅಯ್ಯನವರ ಹತ್ತಿರ ಹೋದೆ. ನಮ್ಮ ಪಾಸ್ಟರು. ಚಿಕ್ಕ ಪ್ರಾಯ, ಓದಿದವರು. ಸುತ್ತುಬಳಸಿ ಮಾತಾಡುವುದು ನನಗೆ ಗೊತ್ತಿಲ್ಲ.

"ಮೋನಪ್ಪ ಈಗ ಎಲ್ಲಿದ್ದಾರೆ ಅಯ್ಯನವರೇ?"

ಚಹಾದ ಕಪ್ಪು ಕೆಳಗಿಟ್ಟರು. "ಆಂಟೀ, ನರಕ ಅಂತ ನಾವು ಹೇಳ್ತೇವಲ್ಲ, ಯೇಸು ಬಳಸಿದ ಹೆಸರು ಒಂದು ಕಣಿವೆಯದ್ದು. ಯೆರೂಸಲೇಮ್ ಪಟ್ಟಣದ ಹೊರಗೆ. ಅಲ್ಲಿ ಊರಿನ ಕಸ ಸುಡ್ತಿದ್ರು ಅಂತಲೂ ಕೆಲವರು ಹೇಳ್ತಾರೆ."

"ನಮ್ಮ ದೇವನಾರ್ ಕಸದ ಗುಡ್ಡೆ ಹಾಗಾ?"

"ಹಾಗೇ ಅಂತ ಇಟ್ಕೊಳ್ಳಿ."

"ದೇವನಾರ್ ಹೊತ್ತಿಕೊಂಡ್ರೆ ನನ್ನ ಕಿಟಕಿಗೇ ಹೊಗೆ. ಆದ್ರೆ ಅದು ಆರ್ತದೆ. ಇದು ಆರದ ಬೆಂಕಿ ಅಂತ ಉಂಟಲ್ಲ?"

"ಉಂಟು. ಬೆಂಕಿ ಆರುವುದಿಲ್ಲ ಅಂತ ಉಂಟು. ಬಿದ್ದವರು ಯಾವಾಗಲೂ ಉರೀತಾನೇ ಇರ್ತಾರೆ ಅಂತ ಅರ್ಥ ಮಾಡಿಕೊಂಡದ್ದು ನಾವು. ಕೊನೆಗೆ ದೇವರು ಎಲ್ಲರನ್ನೂ ಸೇರಿಸಿಕೊಳ್ತಾನೆ ಅಂದ ಹಿರಿಯರೂ ಸಭೆಯಲ್ಲಿ ಇದ್ದರು, ಹಳೇ ಕಾಲದಲ್ಲೇ."

"ನೀವು ಏನು ಹೇಳ್ತೀರಿ?"

"ನನಗೆ ಗೊತ್ತಿಲ್ಲ ಆಂಟಿ. ಆಸೆ ಉಂಟು."

"ಪೀಠದಲ್ಲಿ ಯಾಕೆ ಹೇಳಲಿಲ್ಲ ಇದನ್ನು?"

ನಕ್ಕರು. "ಕಮಿಟಿಯಲ್ಲಿ ಮೊದಲು ಏಳುವುದು ನೀವೇ ಅಂತ ಹೆದರಿಕೆ."

ನನಗೆ ನಗು ಬರಲಿಲ್ಲ. ಪಾಸ್ಟರು ನನಗೆ ಹೆದರಿ ಸುಮ್ಮನಿದ್ದಾರೆ. ನಾನು ಬೆಂಕಿಗೆ ಹೆದರಿ. ನಂಬಿಕೆ ಅಂದುಕೊಂಡದ್ದರಲ್ಲಿ ಹೆದರಿಕೆ ಎಷ್ಟು?

14 ನವೆಂಬರ್, ಶುಕ್ರವಾರ

ಬೆಳಿಗ್ಗೆ ಗ್ಯಾಸ್ ಹಚ್ಚಲು ಆಗಲಿಲ್ಲ. ಲೈಟರ್ ಹಿಡಿದು ಸುಮ್ಮನೆ ನಿಂತೆ. ಮಗುವಿಗೆ ಬ್ರೆಡ್ ಕೊಟ್ಟೆ.

ಹೆದರಿಕೆ ಎರಡು ಕಡೆ. ಬೆಂಕಿ ಇಲ್ಲ ಅಂತ ಹೇಳಿ... ಇದ್ದರೆ? ಚಿಕ್ಕವರ ದಾರಿ ತಪ್ಪಿಸಿದವರ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಬೇಕು ಎಂಬ ಯೇಸುವಿನ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಆದರೆ ದಾರಿ ತಪ್ಪಿಸುವುದು ಯಾವ ಮಾತು — ಇನ್ನು ಹೇಳಬೇಕಾದದ್ದೋ, ಹೇಳಿಬಿಟ್ಟದ್ದೋ? ಮಂಚದ ಕೆಳಗೆ ಚಾಪೆ ಎಳೆದುಕೊಂಡು ಮಲಗುವ ಮಗುವನ್ನು ನೋಡಿದರೆ ಉತ್ತರ ಗೊತ್ತಾಗುತ್ತದೆ. ಒಪ್ಪಲು ಧೈರ್ಯ ಸಾಲದು.

ಮುತ್ತಜ್ಜ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದಾಗ ಅವರ ತಾಯಿ ಮನೆಯಿಂದ ಹೊರಗೆ ಹಾಕಿದರಂತೆ. ಆಮೇಲೆ ದಿನವೂ ಬೇಲಿಯ ಹತ್ತಿರ ಗಂಜಿ ಇಟ್ಟು ಹೋಗುತ್ತಿದ್ದರಂತೆ, ಸಾಯುವವರೆಗೆ. ದೈವಗಳನ್ನು ನಂಬಿದ ಹೆಂಗಸು. ಕೊನೆಗೂ ಬದಲಾಗಲಿಲ್ಲ. ಸಂಘದಲ್ಲಿ ಈ ಕಥೆ ಎಷ್ಟು ಸಲ ಹೇಳಿದ್ದೇನೆ, ಮುತ್ತಜ್ಜನ ತ್ಯಾಗ ಅಂತ. ಆ ತಾಯಿ ಈಗ ಎಲ್ಲಿ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅವಳು ಉರಿಯುತ್ತಿರುವಾಗ ಮುತ್ತಜ್ಜ ಮೇಲೆ ಕೂತು ಹಾಡುತ್ತಿದ್ದಾರೆಯೇ? ಅದು ಎಂಥ ಸ್ವರ್ಗ?

ಬರೆದುಬಿಟ್ಟೆ. ದೇವರೇ, ಕ್ಷಮಿಸು. ಹೊಡೆದುಹಾಕಲು ಪೆನ್ನು ಎತ್ತಿದೆ. ಆಗಲಿಲ್ಲ.

16 ನವೆಂಬರ್, ಭಾನುವಾರ. ಸಂಜೆ

ಆರಾಧನೆಗೆ ಹೋಗಲಿಲ್ಲ. ಇವತ್ತು ಮೋನಪ್ಪನವರ ಉತ್ತರಕ್ರಿಯೆ. ಯಕ್ಷಿತಾಳನ್ನು ಕರೆದುಕೊಂಡು ಆಂಟಾಪ್ ಹಿಲ್‌ಗೆ ಹೋದೆ. ಟ್ಯಾಕ್ಸಿಯಲ್ಲಿ ಅವಳ ಉಗುರು ನನ್ನ ಕೈಗೆ ಊರಿಕೊಂಡೇ ಇತ್ತು.

ಸತ್ತವರಿಗೆ ಎಲೆ ಹಾಕಿ ಅವರಿಗೆ ಇಷ್ಟವಾದ ಅಡುಗೆ ಬಡಿಸುವುದು ಅವರ ಪದ್ಧತಿ. ಮನೆಯವರೆಲ್ಲ ಒಂದೊಂದು ಸೌಟು. ನಮ್ಮಲ್ಲಿ ಇದು ಪಾಪ. ಇಂಥ ದಿನ ಇಂಥ ಮನೆಯಲ್ಲಿ ನೀರೂ ಮುಟ್ಟಿದವಳಲ್ಲ. ಬಾಗಿಲಲ್ಲೇ ನಿಂತೆ. ಸಂಡೇ ಸ್ಕೂಲ್ ಮುಗಿಸಿ ವಿಜೇತಾ ಕೂಡ ಬಂದಿದ್ದಳು, ಯಕ್ಷಿತಾಳ ಮನೆಯವರನ್ನು ಮಾತಾಡಿಸಿ ಹೋಗಲು.

ಹಿತೇಶ್ ಬಡಿಸಿದ. ವಿನೋದಿನಿ ಬಡಿಸಿದಳು. "ಯಕ್ಷೂ, ಬಾ ಮಗಾ. ಅಜ್ಜನಿಗೆ ಪಾಯಸ ಹಾಕು," ಅಂತ ಹಿತೇಶ್ ಕರೆದ. ಕರೆಯುವಾಗಲೇ ಹೆದರಿದ್ದ. ಅವಳು ನನ್ನ ಹಿಂದೆ ಅಡಗಿದಳು.

"ಅಜ್ಜ ಆಗ್ ಮೇಂ ಹೈ ನಾ, ಅಜ್ಜಿ? ಕೈಸೇ ಆಯೇಂಗೇ?"

ಬೆಂಕಿಯಲ್ಲಿರುವ ಅಜ್ಜ ಉಣ್ಣಲು ಹೇಗೆ ಬರುತ್ತಾರೆ, ಅಂತ. ಎಲ್ಲರಿಗೂ ಕೇಳಿಸಿತು. ಎಲ್ಲರೂ ನನ್ನನ್ನೇ ನೋಡಿದರು. ಚೌಕಟ್ಟು ಹಿಡಿದೆ.

"ಇಲ್ಲ," ಅಂದೆ. ಜೋರಾಗಿಯೇ ಬಂತು. "ಅಜ್ಜ ಬೆಂಕಿಯಲ್ಲಿ ಇಲ್ಲ. ಪಪ್ಪ ಬೆಂಕಿ ಕೊಟ್ಟದ್ದು ದೇಹಕ್ಕೆ. ಮಗ ಮಾಡಬೇಕಾದ ಕೆಲಸ ಅದು, ಪ್ರೀತಿಯಿಂದ ಮಾಡಿದ್ದಾನೆ. ಆ ಬೆಂಕಿ ಆಗಲೇ ಆರಿತು. ಬೇರೆ ಬೆಂಕಿ ಇಲ್ಲ. ಅಜ್ಜನನ್ನು ಕರ್ಕೊಂಡು ಹೋಗ್ಲಿಕ್ಕೆ ಯೇಸು ಕೆಳಗೆ ಬಂದಿದ್ದಾನೆ."

"ಸಚ್ಚೀ?"

"ನಿನ್ನಜ್ಜಿ ಸುಳ್ಳು ಹೇಳ್ತಾಳಾ?"

ವಿಜೇತಾಳ ಮುಖ ಬಿಳಿಚಿತ್ತು. "ಅಕ್ಕಾ... ನೀವೇ ಹೀಗೆ ಹೇಳಿದ್ರೆ..."

"ಊಟ ಮಾಡಿಕೊಂಡು ಹೋಗು ವಿಜೇತಾ."

ಹಿತೇಶ್ ಸೌಟು ಹಿಡಿದೇ ನಿಂತಿದ್ದ. ಯಕ್ಷಿತಾ ಗೋಡೆ ಸವರಿಕೊಂಡು ಹೋದಳು. ಅವನ ಕೈಯ ಮೇಲೆ ಕೈಯಿಟ್ಟಳು. ಇಬ್ಬರೂ ಸೇರಿ ಹಾಕಿದರು. ಅರ್ಧ ಎಲೆಯಿಂದಾಚೆ ಚೆಲ್ಲಿತು. ಅಪ್ಪ ಸತ್ತ ದಿನವೂ ಅಳದವನು ಅತ್ತುಬಿಟ್ಟ.

ನಾನು ಬಡಿಸಲಿಲ್ಲ. ಅದು ನನ್ನಿಂದಾಗದು. ಪಂಕ್ತಿಯಲ್ಲಿ ಕೂತು ಉಂಡೆ.

ಮಗು ಅಲ್ಲೇ ಉಳಿದಳು, ಅಪ್ಪನ ಹತ್ತಿರ. ಒಬ್ಬಳೇ ಬಂದೆ. ಫೋನು ಒಂದೇ ಸಮ ಬಡಿದುಕೊಳ್ಳುತ್ತಿದೆ. ಸಂಘದವರು. ವಿಜೇತಾ ಹೇಳಿರಬೇಕು. ನಿಜ ಏನೆಂದು ಈಗಲೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಹೇಳಿದೆ. ದೇವರೇ, ತಪ್ಪಾದರೆ ನನ್ನನ್ನು ಕೇಳು, ಮಗುವನ್ನಲ್ಲ. ಹೇಳಿಯಾಯಿತು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಮತ್ತೆ ಫೋನು. ಇವರಿಗೂ ಅದನ್ನೇ ಹೇಳುತ್ತೇ —